ವಾಹನದ ಆಯಿಲ್ ಪರೀಕ್ಷೆ

ಸವದತ್ತಿ ತಾಲೂಕಿನ ಹೂಲಿಯ ಹೊಲಗಳಿಂದ ಜೋಳ, ಹತ್ತಿಗಳನ್ನು ಪೇಟೆಗೆ ಸಾಗಿಸುವ ಪಿಕಪ್ ವಾಹನವು ಒಂದು ಕುಟುಂಬದ ಅನ್ನದ ದಾರಿ. ಅದರ ಎಂಜಿನ್ನಿನ ಆಯುಷ್ಯವು ಆಯಿಲ್‌ನ್ನು ಅವಲಂಬಿಸಿದೆ. ತಿರುಗುವ ಭಾಗಗಳ ನಡುವೆ ತೆಳುಪದರವಾಗಿ ನಿಂತು ಅದು ಸವೆತವನ್ನೂ ಕಾವನ್ನೂ ತಗ್ಗಿಸುತ್ತದೆ.

ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ, ವಾಹನವು ಸಮತಟ್ಟಾದ ನೆಲದ ಮೇಲಿರುವಾಗ, ಅಳತೆಯ ಕಡ್ಡಿಯನ್ನು ತೆಗೆದು ಒರೆಸಬೇಕು. ಪೂರ್ತಿ ಇಳಿಸಿ, ಮತ್ತೆ ತೆಗೆದು ನೋಡಬೇಕು. ಆಯಿಲ್ ಎರಡು ಗೆರೆಗಳ ನಡುವಿರಬೇಕು. ಕಡಿಮೆಯಿದ್ದರೆ ತಯಾರಕರು ಸೂಚಿಸಿದ ದರ್ಜೆಯದನ್ನೇ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಮೇಲಿನ ಗೆರೆಯನ್ನು ಮೀರುವುದೂ ಹಾನಿಕರವೇ. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಬೇಗನೆ ಕಪ್ಪಾಗುವುದು ಸಹಜ; ಹಾಲಿನಂತೆ ಬೆಳ್ಳಗಾದರೆ ನೀರು ಸೇರಿರಬಹುದು. ದಾರಿಯಲ್ಲಿ ಆಯಿಲ್ ಒತ್ತಡದ ಕೆಂಪುದೀಪ ಹೊತ್ತಿದರೆ ಕೂಡಲೇ ಎಂಜಿನ್ ನಿಲ್ಲಿಸಬೇಕು. ಇಲ್ಲವಾದರೆ ಅದು ಜಾಮಾಗಿ, ವರ್ಷದ ದುಡಿಮೆಯೇ ಗ್ಯಾರೇಜಿನ ಪಾಲಾದೀತು.

ದಿನದ ಈ ಅಲ್ಪ ಶ್ರದ್ಧೆಯೂ ಕಾಯಕದ ಅಂಗವೇ ಆಗಿದೆ.