ಹೈದರಾಬಾದ್ ರಾಜ್ಯದ ನೆರವು, ವೈನು ಬಪ್ಪು ಸಾಧನೆ

ಬೀದರ್ ನಗರ, ಭಾಲ್ಕಿ ಹಾಗೂ ಔರಾದ್ 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಅದೇ ರಾಜ್ಯದ ನಿಜಾಮಿಯಾ ವೀಕ್ಷಣಾಲಯದಲ್ಲಿ ಎಂ.ಕೆ. ವೈನು ಬಪ್ಪು ಅವರ ತಂದೆ ಉದ್ಯೋಗಿಯಾಗಿದ್ದರು. 1927ರಲ್ಲಿ ಜನಿಸಿದ ಬಪ್ಪು ಅವರಿಗೆ ಆಕಾಶದ ಪರಿಚಯವಾದದ್ದು ಅಲ್ಲಿಯೇ.

ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. 1949ರಲ್ಲಿ ಅವರು ಪತ್ತೆಹಚ್ಚಿದ ಧೂಮಕೇತುವಿಗೆ ಬಪ್ಪು-ಬೋಕ್-ನ್ಯೂಕಿರ್ಕ್ ಎಂಬ ಹೆಸರು ಬಂದಿತು. 1957ರಲ್ಲಿ ಓಲಿನ್ ವಿಲ್ಸನ್ ಅವರೊಡನೆ ಪ್ರಕಟಿಸಿದ ಸಂಶೋಧನೆ ಇನ್ನೂ ಮಹತ್ವದ್ದು. ತಂಪಾದ ನಕ್ಷತ್ರಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಕ್ಯಾಲ್ಸಿಯಂನ ಹೊಳೆಯುವ ರೇಖೆ ಅಗಲವಾದಷ್ಟೂ ನಕ್ಷತ್ರದ ನಿಜ ಪ್ರಕಾಶ ಅಧಿಕ. ಈ ಪ್ರಕಾಶವನ್ನು ಭೂಮಿಯಿಂದ ಕಾಣುವ ಹೊಳಪಿನೊಂದಿಗೆ ಹೋಲಿಸಿದರೆ ನಕ್ಷತ್ರದ ದೂರ ತಿಳಿಯುತ್ತದೆ.

ವಿದೇಶದಲ್ಲಿ ಕೀರ್ತಿ ಪಡೆದರೂ ಬಪ್ಪು ಸ್ವದೇಶಕ್ಕೆ ಮರಳಿದರು. ನೈನಿತಾಲ್ ವೀಕ್ಷಣಾಲಯವನ್ನು ರೂಪಿಸಿ, 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ರಾತ್ರಿ ವೀಕ್ಷಣೆಗೆ ಹೆಚ್ಚು ಅನುಕೂಲವಾದ ಸ್ಥಳ ಅರಸಿ ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರನ್ನು ಆರಿಸಿದರು. 1971ರಲ್ಲಿ ಸ್ವಾಯತ್ತ ಸಂಸ್ಥೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಭಾರತೀಯ ಖಭೌತ ಸಂಸ್ಥೆಯ ಮೊದಲ ನಿರ್ದೇಶಕರೂ ಅವರೇ.

ದೊಡ್ಡ ದೂರದರ್ಶಕವನ್ನು ಕೊಂಡು ತರುವ ಬದಲು ಭಾರತದಲ್ಲೇ ನಿರ್ಮಿಸಬೇಕೆಂಬುದು ಅವರ ಹಟವಾಗಿತ್ತು. 2.34 ಮೀಟರ್ ಕನ್ನಡಿಯ ಆ ದೂರದರ್ಶಕ ಪೂರ್ಣಗೊಳ್ಳುವ ಮುನ್ನವೇ, 1982ರ ಆಗಸ್ಟ್ 19ರಂದು, ಅವರು ಜರ್ಮನಿಯ ಮ್ಯೂನಿಕ್‌ನಲ್ಲಿ ನಿಧನರಾದರು. ಆಗ ಅವರಿಗೆ 55 ವರ್ಷ. 1986ರಲ್ಲಿ ಕಾವಲೂರಿನ ವೀಕ್ಷಣಾಲಯಕ್ಕೂ ಆ ದೂರದರ್ಶಕಕ್ಕೂ ಬಪ್ಪು ಅವರ ಹೆಸರಿಡಲಾಯಿತು.