ಹಿತ್ತಲು ನೋಡುತ್ತಾ ಕುಣಿಗಲ್‌ವರೆಗೆ

ತುಮಕೂರು ನೋಡಬೇಕು ಎಂದವರನ್ನು ಜನ ನೇರ ದೇವರಾಯನದುರ್ಗಕ್ಕೆ ಹತ್ತಿಸುತ್ತಾರೆ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಸಂಜೆಗೂ ಅಲ್ಲೇ ಇರುತ್ತದೆ. ಬಿಸಿ ತಟ್ಟೆ ಇಡ್ಲಿಯ ವಿಷಯದಲ್ಲಿ ಆ ಮಾತು ಹೇಳುವ ಹಾಗಿಲ್ಲ. ಹಾಗಾಗಿ ಬೆಂಗಳೂರಿಂದ ಬರುವ ಬಸ್ಸನ್ನು ಕ್ಯಾತಸಂದ್ರದಲ್ಲೇ ಇಳಿದೆ.

ಎಣ್ಣೆ ಸವರಿದ ಅಗಲ ತಟ್ಟೆಗಳಿಗೆ ಹಿಟ್ಟು ಹುಯ್ದು, ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಜೋಡಿಸಿ ಹಬೆಗೆ ಇಳಿಸುತ್ತಾರೆ. ಮುಚ್ಚಳ ತೆಗೆದಾಗ ಕನ್ನಡಕ ಹಾಕಿದವರಿಗೆ ಒಂದು ಕ್ಷಣ ಏನೂ ಕಾಣದು. ಮೇಲೆ ಒಂದು ಉಂಡೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಮೆತ್ತಗಾಗಲು ಉದ್ದಿನ ಜೊತೆ ಏನು ರುಬ್ಬಬೇಕು ಎಂಬುದರಲ್ಲಿ ಮನೆಮನೆಗೂ ಮತಭೇದ. ಅವಲಕ್ಕಿ ಎನ್ನುವವರು, ಸಬ್ಬಕ್ಕಿ ಎನ್ನುವವರು, ರಾತ್ರಿ ಮಿಕ್ಕ ಅನ್ನವೇ ಸಾಕು ಎನ್ನುವವರು. ನನ್ನ ಮತ ಅನ್ನಕ್ಕೆ, ಅದರಲ್ಲಿ ಸಣ್ಣ ಹುಳಿ ಬರುತ್ತದೆ. ಸಾಂಬಾರು ಕೇಳಬೇಡಿ. ಕೇಳಿದರೆ ಕೊಡುತ್ತಾರೆ, ಆದರೆ ಹೊಸಬರು ಎಂದು ಗೊತ್ತಾಗಿಬಿಡುತ್ತದೆ.

ಅಲ್ಲಿಂದ ಆಟೋದಲ್ಲಿ ಸಿದ್ಧಗಂಗಾ ಮಠ ಹತ್ತಿರ. ಇಲ್ಲಿ ಸಾವಿರಾರು ಮಕ್ಕಳು ಉಳಿದು ಓದುತ್ತಾರೆ, ಬಂದ ಭಕ್ತರಿಗೂ ಊಟ ಇದ್ದೇ ಇರುತ್ತದೆ. 2019ರ ಜನವರಿ 21ರಂದು 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಹೆಸರಿನಲ್ಲಿ ಸರ್ಕಾರ ಆ ದಿನವನ್ನು ದಾಸೋಹ ದಿನವೆಂದು ಆಚರಿಸುತ್ತದೆ. ನಾನು ನೋಡಲು ಹೋದದ್ದು ಉಗ್ರಾಣವನ್ನು. ಸುಗ್ಗಿ ಮುಗಿದ ಮೇಲೆ ಹಳ್ಳಿಗಳವರು ತಂದು ಇಳಿಸುವ ರಾಗಿ, ಅಕ್ಕಿ, ಬೇಳೆ, ತೆಂಗಿನಕಾಯಿ ಇಲ್ಲಿನ ಒಲೆಗಳನ್ನು ನಡೆಸುತ್ತವೆ. ಒಂದು ಮೂಟೆ ರಾಗಿ ಕೊಟ್ಟವನ ಹೆಸರು ಎಲ್ಲೂ ಬರೆದಿರುವುದಿಲ್ಲ. ಅವನಿಗೂ ಅದು ಬೇಕಾಗಿಲ್ಲ. ಅವನ ಮನೆಯಲ್ಲಿ ಅದನ್ನು ದಾನ ಎಂದು ಯಾರೂ ಕರೆಯುವುದಿಲ್ಲ, 'ಮಠಕ್ಕೆ ಎತ್ತಿಟ್ಟಿದ್ದು' ಎನ್ನುತ್ತಾರೆ.

ಎತ್ತಿಡುವ ಈ ಅಭ್ಯಾಸ ಊರೊಳಗಿನ ಬಡಾವಣೆಗಳಲ್ಲೂ ಉಳಿದಿದೆ. ನನಗೆ ಪರಿಚಯದ ಮನೆ ಮೂವತ್ತು-ನಲವತ್ತರ ಸೈಟಿನದು. ಹಿಂದೆ ಮಿಕ್ಕಿರುವುದು ಗೋಡೆಗೂ ಕಾಂಪೌಂಡಿಗೂ ನಡುವಿನ ಒಂದು ಪಟ್ಟಿ ನೆಲ ಅಷ್ಟೇ. ಅದಕ್ಕೇ ಹಿತ್ತಲು ಎನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಬಚ್ಚಲ ನೀರು ಹೋಗುವಲ್ಲಿ ಬಾಳೆ, ಅದರ ನೆರಳಲ್ಲಿ ಕೆಸು. ನಲ್ಲಿಯಲ್ಲಿ ಹೇಮಾವತಿ ನೀರು ದಿನ ಬಿಟ್ಟು ದಿನವೂ ಬರುವ ಖಾತ್ರಿಯಿಲ್ಲದ ಊರಿನಲ್ಲಿ ಅಕ್ಕಿ ತೊಳೆದ ನೀರನ್ನೂ ಚೆಲ್ಲುವುದಿಲ್ಲ, ಅದು ಕರಿಬೇವಿಗೆ. ಮೂಲೆಯಲ್ಲಿ ನುಗ್ಗೆ, ಒಡೆದ ಬಕೆಟಿನಲ್ಲಿ ದೊಡ್ಡಪತ್ರೆ, ಯಾರೂ ಬಿತ್ತದೆ ತಾನೇ ಎದ್ದ ಗಣಿಕೆ ಸೊಪ್ಪು.

"ನುಗ್ಗೆ ನಮ್ದು, ಕೊಂಬೆ ಅವರ ಕಡೆ ಹೋಗೈತೆ. ಅವರೇ ಕಿತ್ಕಂತಾರೆ, ಕೇಳದೂ ಇಲ್ಲ" ಎಂದರು ಮನೆಯಾಕೆ. ದೂರಿನ ಧ್ವನಿಯಲ್ಲೇ ಹೇಳಿದರು. ಆದರೆ ಆಚೆ ಮನೆಯಿಂದ ಬಂದ ಮಾವಿನಕಾಯಿ ಅವರ ಅಡುಗೆಮನೆಯಲ್ಲಿ ಉಪ್ಪಿನಕಾಯಿಗೆ ಕಾದು ಕೂತಿತ್ತು.

ಅಂದು ಬೆರಕೆ ಸೊಪ್ಪಿನ ಬಸ್ಸಾರು. ಗಣಿಕೆ, ದಂಟು, ನುಗ್ಗೆ, ಒಂದಿಷ್ಟು ಹೊನಗೊನ್ನೆ, ಜೊತೆಗೆ ಅಲಸಂದೆ ಕಾಳು. ಬೇಯಿಸಿ ಬಸಿದರೆ ಒಂದೇ ಪಾತ್ರೆಯಿಂದ ಎರಡು ಅಡುಗೆ. ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿ, ಹುಣಸೆ ರುಬ್ಬಿ ಹಾಕಿದರೆ ಸಾರು, ಮಿಕ್ಕ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ರುಬ್ಬುವಾಗ ಬೆಂದ ಸೊಪ್ಪನ್ನೇ ಒಂದು ಹಿಡಿ ಸೇರಿಸುವುದು ಸಾರು ಮಂದವಾಗಲಿ ಎಂದು. ಮರುದಿನ ಕುದಿಸಿ ಕುದಿಸಿ ಗಟ್ಟಿಯಾದ ಬಸ್ಸಾರು ಇನ್ನೂ ರುಚಿ. ಆದರೆ ಅದು ಮನೆಯವರಿಗೆ ಮಾತ್ರ, ನೆಂಟರಿಗೆ ಬಡಿಸುವುದಿಲ್ಲ. ನೆಂಟರಾಗಿ ಹೋಗುವುದರ ನಷ್ಟ ಇದು.

ತುಮಕೂರಿನಿಂದ ಗುಬ್ಬಿ ಇಪ್ಪತ್ತು ಕಿಲೋಮೀಟರು. ಹೆಸರು ಹೇಳಿದರೆ ನಾಟಕ ನೆನಪಾಗುವ ಊರು. 1884ರಲ್ಲಿ ಇಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ವೀರಣ್ಣನವರು ನಾಡಿನ ತುಂಬಾ ಓಡಾಡಿಸಿದರು. ರಾಜ್‌ಕುಮಾರ್ ಕೂಡ ಅಲ್ಲೇ ಬಣ್ಣ ಹಚ್ಚಿದವರು. ಈ ಸಲ ರಂಗಮಂದಿರದ ಕಡೆ ಹೋಗಲಿಲ್ಲ. ಮೇ ತಿಂಗಳ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿಗೆ ಬಂದವನು ಚೇಳೂರಿಗೆ ಹೋಗದಿದ್ದರೆ ಹಲಸು ಮುನಿಸಿಕೊಳ್ಳುತ್ತದೆ.

ಚೇಳೂರಿನ ದಾರಿಯುದ್ದಕ್ಕೂ ಅಡಿಕೆ, ತೆಂಗು. ಹಲಸಿನ ಮರಗಳು ಬದುವಿನ ಮೇಲೆ, ಕೊಟ್ಟಿಗೆಯ ಹಿಂದೆ, ಬೇಲಿಯ ಮೂಲೆಯಲ್ಲಿ. ಸಾಲು ಹಿಡಿದು ನೆಟ್ಟ ತೋಟ ಕಡಿಮೆ. ಸಂತೆಯಲ್ಲಿ ಹಣ್ಣು ನೆಲದ ಮೇಲೆ ರಾಶಿ ರಾಶಿ. ಕೊಳ್ಳುವವರು ಬೆರಳ ಗಿಣ್ಣಿನಿಂದ ಬಡಿದು ಸದ್ದು ಕೇಳುತ್ತಾರೆ, ಮುಳ್ಳಿನ ಅಂತರ ನೋಡುತ್ತಾರೆ, ಮೂಸುತ್ತಾರೆ. ಇಷ್ಟೆಲ್ಲಾ ಮಾಡಿದರೂ ಒಳಗೆ ಏನಿದೆ ಎಂಬುದು ಕೊಯ್ದ ಮೇಲೇ. ಕಾರಣ ಸರಳ: ಹಲಸು ಪರಪರಾಗಸ್ಪರ್ಶದ ಮರ, ಬೀಜ ಹಾಕಿದರೆ ತಾಯಿಯ ಗುಣವೇ ಬರುತ್ತದೆ ಎಂಬ ಮಾತಿಲ್ಲ. ಆದ್ದರಿಂದ ಇಲ್ಲಿ ಒಂದೊಂದು ಹಿತ್ತಲಿಗೂ ಒಂದೊಂದು ರುಚಿ. 'ಮೇಷ್ಟ್ರ ಮನೆ ಹಲಸು', 'ಬಾವಿ ಹಲಸು' ಎಂದೇ ಅವಕ್ಕೆ ಹೆಸರು.

ಅಂಥ ಮನೆಮರಗಳಲ್ಲಿ ಒಂದು ಈಗ ದೇಶಕ್ಕೇ ಗೊತ್ತು. ಚೇಳೂರಿನ ಎಸ್.ಎಸ್. ಪರಮೇಶ ಅವರ ಜಮೀನಿನಲ್ಲಿ ಅವರ ತಂದೆ ಸಿದ್ದಪ್ಪ ನೆಟ್ಟ ಮರ. ಹಣ್ಣು ಚಿಕ್ಕದು, ಎರಡೂವರೆ ಕಿಲೋ ಆಸುಪಾಸು. ತೊಳೆ ತಾಮ್ರಗೆಂಪು. ಬಹಳ ಕಾಲ ಅದರ ಹಣ್ಣು ಬಹುಪಾಲು ಬಂಧು-ಬಳಗಕ್ಕೆ, ಸ್ನೇಹಿತರಿಗೆ ಹೋಗುತ್ತಿತ್ತು. ಹೀರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ ತಳಿಗೆ ತಂದೆಯ ಹೆಸರಿನಿಂದಲೇ 'ಸಿದ್ದು' ಎಂದು ಹೆಸರಿಟ್ಟರು. 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೈತನೊಂದಿಗೆ ಒಪ್ಪಂದ ಮಾಡಿಕೊಂಡಿತು. ಕಸಿ ಸಸಿ ಮಾರಿ ಬಂದ ಹಣದಲ್ಲಿ ಶೇ. 75ರಷ್ಟು ಮರದ ಒಡೆಯನಿಗೆ. ಬೀಜದಿಂದ ಗುಣ ಉಳಿಯದ ಮರಕ್ಕೆ ಕಸಿಯೊಂದೇ ದಾರಿ. ಫಸಲೂ ಬೇಗ, ಮೂರು-ನಾಲ್ಕು ವರ್ಷಕ್ಕೆ.

ಈ ಕಥೆಯನ್ನು ಎಲ್ಲರೂ ಲಕ್ಷಗಳ ಲೆಕ್ಕದಲ್ಲಿ ಹೇಳುತ್ತಾರೆ. ಬಂದ ಹಣ ನ್ಯಾಯವಾಗಿಯೇ ಬಂದಿದೆ, ಅದರಲ್ಲಿ ತಕರಾರಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಅದಕ್ಕೂ ಹಿಂದಿನ ಭಾಗ. ಹಂಚಿ ತಿನ್ನದೆ ಮಾರಿಯೇ ಬಿಟ್ಟಿದ್ದರೆ ಆ ಹಣ್ಣು ಸಂತೆಯ ರಾಶಿಯಲ್ಲಿ ಗುರುತಿಲ್ಲದೆ ಹೋಗುತ್ತಿತ್ತು. ತಿಂದವರು ನೆನಪಿಟ್ಟು ಮುಂದಿನ ವರ್ಷ ಮತ್ತೆ ಕೇಳಿದ್ದರಿಂದಲೇ ಮರಕ್ಕೆ ಹೆಸರು ಬರುವುದು. ಅಲ್ಲದೆ ಹಲಸನ್ನು ಒಂದು ಮನೆಯವರೇ ತಿಂದು ಮುಗಿಸುವುದೆಂತು? ಕೊಯ್ದ ದಿನ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಒಬ್ಬರು ಕೂತರೆ ಬೀದಿಯ ಮಕ್ಕಳೆಲ್ಲ ಸುತ್ತ ಕೂರುತ್ತಾರೆ. ತೊಳೆ ಖಾಲಿ, ರೆಚ್ಚೆ ದನಕ್ಕೆ, ಬೀಜ ಮನೆಗೆ. ಬೀಜವನ್ನು ಕೆಮ್ಮಣ್ಣು ಹಚ್ಚಿ ಒಣಗಿಸಿಟ್ಟರೆ ಮಳೆಗಾಲದುದ್ದಕ್ಕೂ ಸಾರಿಗೆ ಆಗುತ್ತದೆ.

ಕುಣಿಗಲ್‌ಗೆ ಹೋಗಲು ಮತ್ತೆ ತುಮಕೂರಿಗೆ ಬಂದು ಗೂಳೂರು, ಹೆಬ್ಬೂರಿನ ದಾರಿ ಹಿಡಿಯಬೇಕು. ಗೂಳೂರಿನ ದೊಡ್ಡ ಮಣ್ಣಿನ ಗಣಪತಿ ಚೌತಿಯ ನಂತರದ ಮಾತು, ಈಗ ಅಲ್ಲಿ ನಿಲ್ಲಲು ನೆಪವಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತ ಅಜ್ಜಿಯ ಕಾಲ ಬಳಿ ಗೋಣಿಚೀಲ, ಅದರೊಳಗಿಂದ ಹಲಸಿನ ವಾಸನೆ ಇಡೀ ಬಸ್ಸಿಗೆ. ಮಗಳ ಮನೆಗಂತೆ. "ಅಲ್ಲೂ ಸಿಗುತ್ತಲ್ಲ ಅಜ್ಜಿ" ಎಂದರೆ, "ಸಿಗ್ತೈತೆ ಕಣಪ್ಪ, ನಮ್ಮನೇದು ಸಿಗ್ತೈತಾ?" ಎಂದಿತು. ಕಂಡಕ್ಟರು ಚೀಲಕ್ಕೆ ಲಗೇಜು ಚೀಟಿ ಹರಿಯಲಿಲ್ಲ. ಇಳಿಯುವಾಗ ತಾನೇ ಎತ್ತಿಕೊಟ್ಟ.

ಕುಣಿಗಲ್ ದೊಡ್ಡಕೆರೆಯನ್ನು ಹಾಡಿನಲ್ಲಿ ಕೇಳದ ಕನ್ನಡಿಗರು ಕಡಿಮೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕುತ್ತಾ ಬಂದ ಫಾರಂ ಕೂಡ ಇಲ್ಲೇ. ಕೆರೆಯ ಏರಿಯ ಮೇಲೆ ಸಂಜೆ ಗಾಳಿಗೆ ಬಂದವರಿಗೆ ಮಾತಿಗೆ ಸಿಗುವ ವಿಷಯ ಮಾತ್ರ ಮಳೆ: ಕೃತ್ತಿಕೆ ಹುಯ್ಯಿತೇ, ರೋಹಿಣಿ ಹೇಗೆ, ಕೆರೆಗೆ ಹೇಮಾವತಿ ಎಷ್ಟು ಬಂತು. ನಂತರ ಊಟದ ಮಾತು. ಅವರೆಕಾಯಿ ಕಾಲವಾಗಿದ್ದರೆ ಹಿದಕಿದಬೇಳೆ ಸಾರಿನ ಬಗ್ಗೆಯೇ ಒಂದು ಗಂಟೆ ಹೋಗುತ್ತಿತ್ತು. ಈಗ ಹಲಸಿನ ಬೀಜದ ಸಾರಿಗೆ ಬದನೆಕಾಯಿ ಹಾಕಬೇಕೋ ಬೇಡವೋ ಎಂಬ ಜಗಳ.

ರಾತ್ರಿ ಉಳಿದುಕೊಂಡ ಮನೆಯಲ್ಲಿ ಬದನೆಕಾಯಿ ಹಾಕಿದ್ದರು. ಮುದ್ದೆ ಮುಗಿಯುವುದರೊಳಗೆ "ಇನ್ನೊಂದರ್ಧ ಇಕ್ಲಾ ಅಣ್ಣಯ್ಯ?" ಎಂದು ಕೇಳಿದರು. ಬೇಡ ಎನ್ನುವಷ್ಟರಲ್ಲಿ ತಟ್ಟೆಗೆ ಬಿದ್ದಿತ್ತು. ಹೊರಡುವಾಗ ಕೈಗೆ ಸಿಕ್ಕಿದ್ದು ಕೆಮ್ಮಣ್ಣು ಹಚ್ಚಿದ ಬೀಜದ ಒಂದು ಪೊಟ್ಟಣ, ಜೊತೆಗೆ ಒಂದು ಷರತ್ತು: ಬೆಂಗಳೂರಿನಲ್ಲಿ ಮಿಕ್ಸಿಗೆ ಹಾಕಿ ಕೆಡಿಸಬೇಡಿ, ಜಜ್ಜಿ ಸಿಪ್ಪೆ ತೆಗೆದು ಇಡಿಯಾಗೇ ಬೇಯಿಸಿ.