ಜೈಲಿನಲ್ಲಿ ರಾತ್ರಿಗೆ ಬೇರೆ ಲೆಕ್ಕವಿಲ್ಲ

“ಹಗಲಿಗೊಂದು ದಿನ, ರಾತ್ರಿಗೊಂದು ದಿನ. ಹದಿನಾಲ್ಕು ವರ್ಷ ಅಂದ್ರ ಏಳ ವರ್ಷ.” ನಾರಾಯಣಪೇಟೆ, ಮಕ್ತಲ್, ಗದ್ವಾಲದ ಕಡೆ ಯಾರ ಮನೆಯ ಹುಡುಗ ಜೈಲಿಗೆ ಹೋದರೂ ನೆಂಟರು ಈ ಲೆಕ್ಕ ಹೇಳಿಯೇ ತಾಯಿಯನ್ನು ಸಮಾಧಾನ ಮಾಡುತ್ತಾರೆ. ಇದು ಯಾವ ಕಾನೂನಿನಲ್ಲೂ ಇಲ್ಲ. ಜೈಲಿನಲ್ಲೂ ದಿನಕ್ಕೆ 24 ಗಂಟೆಯೇ.

ಜೀವಾವಧಿ ಎಂದರೆ 14 ವರ್ಷ ಎಂಬುದೂ ಸುಳ್ಳು. ಬದುಕಿರುವಷ್ಟು ಕಾಲ ಎಂದೇ ಅದರ ಅರ್ಥ ಎಂದು ಸುಪ್ರೀಂ ಕೋರ್ಟ್ 1961ರಲ್ಲಿ ಗೋಪಾಲ ಗೋಡ್ಸೆ ಪ್ರಕರಣದಲ್ಲಿ ಹೇಳಿತು. 14 ವರ್ಷದ ಕಟ್ಟು ಬಂದದ್ದು ದಂಡ ಪ್ರಕ್ರಿಯಾ ಸಂಹಿತೆಯ 1978ರ ತಿದ್ದುಪಡಿಯಿಂದ: ಮರಣದಂಡನೆಗೂ ಅವಕಾಶವಿರುವ ಅಪರಾಧಕ್ಕೆ ಜೀವಾವಧಿ ಆದವನನ್ನು, ಸನ್ನಡತೆ, ದುಡಿಮೆಗೆ ಸಿಗುವ ಶಿಕ್ಷೆ ಕಡಿತದ ದಿನಗಳನ್ನು ಸೇರಿಸದೆ 14 ವರ್ಷ ಪೂರಾ ಒಳಗಿರುವ ತನಕ ಸರ್ಕಾರ ಬಿಡುವಂತಿಲ್ಲ. ಆಮೇಲಾದರೂ ಬಾಗಿಲು ತಾನಾಗಿ ತೆರೆಯುವುದಿಲ್ಲ. ಸರ್ಕಾರ ಪರಿಶೀಲಿಸಿ ಆದೇಶ ಹೊರಡಿಸಬೇಕು. ರಾಜ್ಯಪಾಲರ ಕ್ಷಮಾದಾನದ ಅಧಿಕಾರಕ್ಕೆ ಮಾತ್ರ ಈ ಕಟ್ಟಿಲ್ಲ. 2024ರ ಜುಲೈನಲ್ಲಿ ತೆಲಂಗಾಣ ಒಟ್ಟಿಗೆ 213 ಕೈದಿಗಳನ್ನು ಬಿಟ್ಟಾಗ ಪೇಪರಿನಲ್ಲಿ ಓದಿದವರು ‘ನಮ್ಮವನೂ ಬರ್ತಾನ’ ಎಂದು ಕಾದರು. ಅಂಥ ಬಿಡುಗಡೆ ಆಯಾ ಆದೇಶದ ಷರತ್ತಿಗೆ ಒಳಪಟ್ಟವರಿಗಷ್ಟೇ.

ಈಚೆಗೆ ಮೊಬೈಲಿನಲ್ಲಿ ಹರಿದಾಡುವ ಇನ್ನೊಂದು ನಂಬಿಕೆ: ಬೆಂಕಿ ಆರಿಸಲು ಹೋದರೆ ಶಿಕ್ಷೆ ಅರ್ಧವಾಗುತ್ತದಂತೆ. ಅಂಥ ಕಡಿತ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಕಾಡ್ಗಿಚ್ಚು ನಂದಿಸುವ ಶಿಬಿರಗಳ ಹೆಚ್ಚಿನ ಕೈದಿಗಳಿಗೆ ಕಳೆದ ಒಂದೊಂದು ದಿನಕ್ಕೆ ಎರಡು ದಿನದ ಕಡಿತ ಸಿಗುತ್ತದೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದಾಗ ನೂರಾರು ಕೈದಿಗಳು ಬೆಂಕಿಗೆ ಎದುರಾದರು. ನಮ್ಮಲ್ಲಿ ಅಗ್ನಿಶಾಮಕ ದಳಕ್ಕೆ ಕೈದಿಗಳನ್ನು ಕಳಿಸುವ ಏರ್ಪಾಡಿಲ್ಲ. ಆದರೂ ಆ ನಂಬಿಕೆಯಲ್ಲಿ ಒಂದೆಳೆ ನಿಜ ಇದೆ. ಜೈಲಿನೊಳಗೇ ಬೆಂಕಿ ಬಿದ್ದಾಗ ಅಧಿಕಾರಿಗಳಿಗೆ ನೆರವಾದ ಕೈದಿಗೆ ವಿಶೇಷ ಕಡಿತ ಕೊಡಬಹುದೆಂದು 2016ರ ಕೇಂದ್ರದ ಮಾದರಿ ಕಾರಾಗೃಹ ಕೈಪಿಡಿಯಲ್ಲಿದೆ.

ಉಳಿದ ಕಡಿತ ಹೆಚ್ಚಾಗಿ ದಿನನಿತ್ಯದ ನಡತೆ, ದುಡಿಮೆಯದು. ಅದೇ ಕೈಪಿಡಿಯ ಪ್ರಕಾರ ಸನ್ನಡತೆಗೆ ತಿಂಗಳಿಗೆ 3 ದಿನ, ಕೊಟ್ಟ ಕೆಲಸ ಸರಿಯಾಗಿ ಮಾಡಿದ್ದಕ್ಕೆ 3 ದಿನ. ಭಾನುವಾರವೂ ಬಿಡುವಿಲ್ಲದ ಅಡುಗೆಯಂಥ ಕೆಲಸಕ್ಕೆ ಇನ್ನೂ ಹೆಚ್ಚು. ಇದು ಮಾದರಿಯಷ್ಟೇ, ದಿನಗಳನ್ನು ಅಂತಿಮವಾಗಿ ಗೊತ್ತುಮಾಡುವುದು ರಾಜ್ಯದ ನಿಯಮ. ಹೈದರಾಬಾದಿನ ಚೆರ್ಲಪಲ್ಲಿ ಜೈಲಿನಲ್ಲಿ ಹೊಲ ಗೇಯುವವರೂ ಚಂಚಲಗುಡದ ಜೈಲು ಬಂಕಿನಲ್ಲಿ ಪೆಟ್ರೋಲ್ ಹಾಕುವವರೂ ಕೂಲಿಯ ಜೊತೆಗೆ ಗಳಿಸುವುದು ಈ ದಿನಗಳನ್ನೇ. ಒಂದು ಜಗಳ, ಒಳಗೆ ಸಿಕ್ಕ ಒಂದು ಮೊಬೈಲ್ ಸಾಕು, ತಿಂಗಳುಗಟ್ಟಲೆ ಗಳಿಸಿದ್ದು ಹೋಗಲು.

ಇನ್ನು ವಿಚಾರಣಾಧೀನ ಕೈದಿಗಳು. ಅವರಿಗೆ ಈ ಕಡಿತವಿಲ್ಲ, ಆದರೆ ಒಳಗೆ ಕಳೆದ ದಿನಗಳು ವ್ಯರ್ಥವಾಗುವುದಿಲ್ಲ. ಮುಂದೆ ಸಜೆಯಾದರೆ ಅದರಲ್ಲಿ ಕಳೆಯುತ್ತವೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಯಾವ ಕೇಸಿನಲ್ಲೂ ಸಜೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೂ ಇದು ಅನ್ವಯಿಸದು. ಕೋರ್ಟಿಗೆ ಬರೆಯಬೇಕಾದ ಹೊಣೆ ಜೈಲು ಸೂಪರಿಂಟೆಂಡೆಂಟರದೇ. ಇದು ಗೊತ್ತಿಲ್ಲದೆ ಎಮ್ಮೆ ಮಾರಿ ದಲ್ಲಾಳಿಗೆ ದುಡ್ಡು ಸುರಿಯುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಭೇಟಿಗೆ ಹೋದಾಗ ‘ಹಿಸ್ಟರಿ ಟಿಕೆಟ್‌ನಲ್ಲಿ (ಕೈದಿಯ ದಾಖಲೆ ಚೀಟಿ) ಕಡಿತದ ದಿನ ಎಷ್ಟು ಬರೆದಿದ್ದಾರೆ’ ಎಂದು ಕೇಳಿ ಬನ್ನಿ. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ ವಕೀಲರ ನೆರವು ಪುಕ್ಕಟೆ. ಕಾನೂನು ಸೇವಾ ಪ್ರಾಧಿಕಾರದ ಫೋನ್ 15100.